ಹರಕೆಯ ಸಿನಿಮಾದಲ್ಲಿ ನಾಯಕನ ದನಿ

ಪೀಠದಲ್ಲಿರುವ ಮಾನ್ಯ ನಗರಾಧ್ಯಕ್ಷರೇ, ಫೆಟ್ಚಬುರಿಯ ಚಿತ್ರಪ್ರೇಮಿಗಳೇ, ಈ ಸೆಕೆಯಲ್ಲೂ ಎದ್ದು ಹೋಗದ ಸಭಿಕರೇ,

ಮಲ್ಲಿಗೆ ಮಾಲೆ ಹಾಕಿ, ಕುದುರೆ, ಕೋವಿ, ಸೇಡಿನ ಚಿತ್ರಗಳ ಸೊಗಸೇನೆಂದು ಹೇಳಿ ಎಂದಿದ್ದೀರಿ. ಹೇಳುತ್ತೇನೆ. ಶಬ್ದವಿಲ್ಲದ ರೀಲುಗಳಿಗೆ ಪರದೆಯ ಹಿಂದೆ ಕೂತು ದನಿ ಕೊಟ್ಟು ಬದುಕಿದವಳು ಈ ಲಮ್ಯೈ. ಗಂಡಸರ ಮಾತೆಲ್ಲ ನನ್ನ ಗಂಡ ಸಮ್ರಾನನದು; ಹೆಂಗಸರು, ಮಕ್ಕಳು, ಕುದುರೆ ನನ್ನ ಪಾಲು. ನಗಬೇಡಿ, ಕುದುರೆಗೇ ಹೆಚ್ಚು ಚಪ್ಪಾಳೆ ಬೀಳುತ್ತಿತ್ತು.

ಥಾಯ್ ನಾಡಿನ ಕೆಸರುಗದ್ದೆಯ ನಮಗೆ ಆ ಪರದೇಶದ ಟೋಪಿ, ಬೂಟು ಏಕೆ ಬೇಕಿತ್ತು? ಆ ಬೂಟು ಹಾಕಿ ಗದ್ದೆಗಿಳಿದರೆ ಕಾಲು ಮೇಲೆ ಬರುತ್ತದೆ, ಬೂಟು ಬರುವುದಿಲ್ಲ! ಆದರೂ ಬೇಕಿತ್ತು. ಅನ್ಯಾಯಕ್ಕೊಳಗಾದವನು ಊರಲ್ಲಿ ತಲೆ ತಗ್ಗಿಸಿ ನಡೆಯುತ್ತಾನೆ. ತೆರೆಯ ಮೇಲೆ ಅವನೇ ಟೋಪಿ ಓರೆ ಮಾಡಿಕೊಂಡು ನಿಧಾನವಾಗಿ ನಡೆದು ಬರುತ್ತಾನೆ.

ನನ್ನ ಅಪ್ಪ ಪ್ರಯೂನ್ ತಲೆ ತಗ್ಗಿಸಿದವರು. ಅಕ್ಕಿ ಗಿರಣಿಯ ಸಂಗ್ವಾನ್ ಸುಳ್ಳು ಸಾಕ್ಷಿ ಹೇಳಿಸಿ ನಮ್ಮ ಗದ್ದೆ ಕಸಿದುಕೊಂಡ ಮೇಲೆ ಅಪ್ಪ ಮನೆಯ ಮೆಟ್ಟಿಲಿಳಿಯಲಿಲ್ಲ. ಮೊಕದ್ದಮೆ ಗೆದ್ದವನು ಊರ ದೇವರಿಗೆ ಹೊತ್ತ ಹರಕೆಯ ಸಿನಿಮಾವನ್ನು ಗುಡಿಯ ಮುಂದೆ ಆಡಿಸಬೇಕಲ್ಲ? ಆಡಿಸಿದ. ಸೇಡಿನ ಚಿತ್ರವೇ ಬೇಕೆಂದ. ದನಿ ಕೊಡಲು ಬಂದದ್ದು ನಾವು! ಪರದೆಯ ಹಿಂದಿನವರ ಮುಖ ಯಾರು ನೋಡುತ್ತಾರೆ? ಪರದೆಯ ಆಚೆಯಿಂದಲೇ ಕೂಗಿದ, "ದೇವ್ರು ಮೆಚ್ಬೇಕು ನೋಡ್ರಪ್ಪಾ, ಹಂಗೆ ಮಾತಾಡ್ಬೇಕು!"

ಕೊನೆಯ ದೃಶ್ಯದಲ್ಲಿ ನಾಯಕ ಕೋವಿ ಎತ್ತಿದ. ನಾನು ಗಂಡನ ಕೈಯಿಂದ ಮೈಕು ಕಿತ್ತುಕೊಂಡೆ. ಮೀಸೆ ಹೊತ್ತ ನಾಯಕನ ಬಾಯಿಂದ ನನ್ನ ದನಿ ಬಂತು: "ನಾನು ಪ್ರಯೂನನ ಮಗಳು ಕಣೋ ಸಂಗ್ವಾನ್! ಸುಳ್ಳು ಸಾಕ್ಷಿ ಹೇಳ್ಸಿ ನಮ್ಮಪ್ಪನ ಗದ್ದೆ ನುಂಗಿದ್ಯಲ್ಲ, ದೇವ್ರ ಮುಂದೆ ಇಲ್ಲ ಅನ್ನು ನೋಡೋಣ!"

ಒಬ್ಬರೂ ನಗಲಿಲ್ಲ. ಸಂಗ್ವಾನ್ ದಡಕ್ಕನೆ ಎದ್ದ. ಪಕ್ಕದಲ್ಲಿದ್ದ ಅವನ ತಾಯಿಯೇ ಅಂಗಿ ಹಿಡಿದು ಜಗ್ಗಿದಳು: "ಕೂತ್ಕೊಳೋ! ಸಿನ್ಮಾ ಮುಗಿಯೋಕ್ ಮುಂಚೆ ಎದ್ರೆ ಹರಕೆ ತೀರಲ್ಲ." ಕೂತ. ಊರೆಲ್ಲ ಅವನ ಮುಖ ನೋಡುತ್ತಿತ್ತು. ಸಿನಿಮಾ ನೋಡಿದವನು ದೇವರೊಬ್ಬನೇ.

ಗದ್ದೆ ಬಂತೇ? ಇಲ್ಲ. ಇಂದಿಗೂ ಅದರ ಸಿಟ್ಟು ನನಗಿದೆ, ಈ ಮಾಲೆಯಿಂದ ಅದು ತಣಿಯುವುದಿಲ್ಲ. ಆದರೆ ಧ್ವನಿವರ್ಧಕ ನಮ್ಮ ಮನೆಯವರೆಗೂ ಕೇಳಿಸಿತ್ತು. ಬೆಳಗ್ಗೆ ಅಪ್ಪ ಮೆಟ್ಟಿಲಿಳಿದು ಬಂದರು. ತಾಳೆಗರಿಯ ಹಳೆಯ ಟೋಪಿಯನ್ನು ತಲೆಗಿಟ್ಟು, ಸ್ವಲ್ಪ ಓರೆ ಮಾಡಿ, "ಸರಿಯಾಗಿದ್ಯೇನೇ ಮಗಳೇ?" ಎಂದು ಕೇಳಿದರು. ಆಮೇಲೆ ಗಿರಣಿಯ ಮುಂದಿನಿಂದಲೇ, ನಿಧಾನವಾಗಿ, ಸಂತೆಗೆ ನಡೆದರು.

ಸೊಗಸೇನೆಂದು ಕೇಳಿದಿರಿ, ನಾನು ಕಂಡದ್ದು ಅದು. ಮಾಲೆಗೂ, ಮುಗಿಯುವ ತನಕ ಕೂತದ್ದಕ್ಕೂ ವಂದನೆಗಳು. ನಮಸ್ಕಾರ.