ರಾತ್ರಿ ಮಲಗುತ್ತಿದ್ದ ಪೆಟ್ಟಿಗೆ

ಹಳೆಯ ಕಂಪ್ಯೂಟರ್ ಕೊಳ್ಳುವ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಟೈಲರಮ್ಮ ಮತ್ತು ಅವಳ ತಮ್ಮ ನಿಂತಿದ್ದರು. ಅವಳ ಕೊರಳಲ್ಲಿ ಅಳತೆ ಟೇಪು, ಅವನ ಕೈಯಲ್ಲಿ ಊಟದ ಡಬ್ಬಿಯಷ್ಟು ಕಪ್ಪು ಪೆಟ್ಟಿಗೆ.

“ಗಿರಾಕಿಗಳು ಕೊಡೋ ಬಿಟ್‌ಕಾಯಿನ್ನು ಯಾರ ಹಂಗೂ ಇಲ್ಲದೆ ನೇರವಾಗಿ ನಮಗೇ ಬರಲಿ ಅಂತ ನಿನ್ನ ಅಂಗಡೀಲಿ ಈ ‘ನೋಡ್’ ಅನ್ನೋ ಪೆಟ್ಟಿಗೆ ಇಟ್ಟುಕೊಟ್ಟೆ. ಇದು ಆನ್ ಇದ್ದಾಗಷ್ಟೇ ದುಡ್ಡು ಬರೋದು, ಸದಾ ಆನ್ ಇರಬೇಕು ಅಂತಾನೂ ಹೇಳಿದ್ದೆ ಅಕ್ಕ.”

“ಇಸ್ತ್ರಿಪೆಟ್ಟಿಗೆ ಇರೋ ಅಂಗಡಿ ಕಣೋ. ಮೇನ್ ಸ್ವಿಚ್ ಇಳಿಸದೆ ಬೀಗ ಹಾಕೋಕೆ ನನಗೆ ಕೈಯೇ ಬರಲ್ಲ.”

“ಮೂರು ತಿಂಗಳೂ?”

“ದಿನಾ. ನಾವು ಮಲಗಿದ ಮೇಲೆ ಅದಕ್ಕೇನು ಕೆಲಸ ಅಂದ್ಕೊಂಡೆ.”

“ಗಿರಾಕಿಗಳು ರಾತ್ರಿ ಮನೆಯಿಂದ ಕಳಿಸಿದ ದುಡ್ಡು ಒಂದೂ ಬರ್ತಿರಲಿಲ್ಲ. ತಪ್ಪು ಹುಡುಕಿ ಹುಡುಕಿ ನನ್ನ ತಲೆ ಕೆಟ್ಟುಹೋಗಿತ್ತು.”

“ಒಳಗಿದ್ದ ದುಡ್ಡು?”

“ಎಲ್ಲಾ ಈಚೆ ಬಂತು. ಒಂಚೂರೂ ಹೋಗಿಲ್ಲ. ನಿನ್ನ ಫೋನಿಗೆ ಹಾಕಿದ್ದೀನಿ.”

ಅವಳು ಟೇಪನ್ನು ಕೊರಳಿಂದ ತೆಗೆದು, ನಿಧಾನವಾಗಿ ಸುತ್ತಿ ಚೀಲಕ್ಕೆ ಹಾಕಿದಳು.

“ಹಾಗಾದ್ರೆ ನಮ್ಮಂಥೋರು ಇದನ್ನ ಇಟ್ಕೋಲೇಬಾರದಾ?”

“ಇಟ್ಕೋಬಹುದು. ಕೂಸಿನ ಥರ ಹಗಲೂ ರಾತ್ರಿ ನೋಡ್ಕೋಬೇಕು ಅಷ್ಟೇ.”

“ನನಗೆ ಎರಡು ಹೆತ್ತಿದ್ದೇ ಸಾಕಪ್ಪ.”

“ನಿಜ ಹೇಳ್ಲಾ? ಮೊನ್ನೆ ಇದನ್ನ ಪೂರ್ತಿ ನಿಲ್ಲಿಸಿದ ಮೇಲೆ ನಾನೂ ನೆಮ್ಮದಿಯಾಗಿ ನಿದ್ದೆ ಮಾಡಿದೆ.”

ಅಷ್ಟರಲ್ಲಿ ಅವರ ಸರದಿ ಬಂತು. ಅಂಗಡಿಯವನು ಪೆಟ್ಟಿಗೆಯನ್ನು ತಿರುಗಿಸಿ ನೋಡಿದ.

“ಇಂಥವು ಹಗಲೂ ರಾತ್ರಿ ಓಡಿ ಸವೆದಿರ್ತವೆ. ಇದು ಹೇಗೆ?”

ತಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು.

“ಇದು ಒಂದು ರಾತ್ರಿಯೂ ಓಡಿಲ್ಲ. ಬೇಕಾದ್ರೆ ಇವನನ್ನೇ ಕೇಳಿ.”