ಹಾಡಿನ ನಡುವೆ ಎದ್ದವಳು

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ ಎಂದು ನನ್ನ ಕೀರ್ತನೆಗಳಲ್ಲಿ ಎಷ್ಟೋ ಕಥೆ ಕೇಳಿದ್ದೀರಿ. ಈ ಕಥೆಯಲ್ಲೂ ಒಬ್ಬ ಇದ್ದಾನೆ, ಇರಲಿ ಬಿಡಿ. ಆದರೆ ಆ ಊರಿನ ನಿಜವಾದ ಸಿರಿ ಚೆನ್ನಬಸವ್ವನ ಕಂಠ. ಅವಳು ಸೋಬಾನೆಯ ಮೊದಲ ಸೊಲ್ಲು ಎತ್ತದೆ ಅಲ್ಲಿ ಯಾವ ಮದುಮಗಳಿಗೂ ಅರಿಶಿಣ ಹಚ್ಚುತ್ತಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಹಾಡು ಮುಗಿಯುವ ತನಕ ಸೊಲ್ಲು ಎತ್ತಿದವಳು ಏಳಬಾರದು, ಎದ್ದರೆ ಮದುಮಗಳಿಗೆ ಕೇಡು.

ಅಂಥ ಚೆನ್ನಬಸವ್ವ ವಯಸ್ಸಾದ ಮೇಲೆ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಮದುವೆಗೆ ಬರಲಿಲ್ಲ, ಬಸುರಿಯರ ಕುಬಸಕ್ಕೆ ಬರಲಿಲ್ಲ, ಭಜನೆಗೂ ಬರಲಿಲ್ಲ. ಅರಿಶಿಣಕ್ಕೆ ಬೇರೆ ಯಾರೋ ಸೊಲ್ಲು ಎತ್ತಬೇಕಾಯಿತು. ಊರು ಏನೆಂದಿತು? ಮುದುಕಿಗೆ ಸೊಕ್ಕು ಎಂದಿತು.

ನಿಜ ಏನು? ಕೆಮ್ಮಿದರೆ, ನಕ್ಕರೆ, ದನಿ ಎತ್ತಿದರೆ ಸಾಕು, ಉಟ್ಟ ಸೀರೆಯಲ್ಲೇ ಮೂತ್ರ ಹೋಗುತ್ತಿತ್ತು. ಹೌದು, ಮೂತ್ರ ಎಂದೇ ಹೇಳಿದೆ. ಯಾಕೆ ತಲೆ ತಗ್ಗಿಸುತ್ತೀರಿ? ಈ ಮಾತಿಗೆ ನಾಚುವ ಊರಿನಲ್ಲೇ ಆ ತಾಯಿ ಬಾಗಿಲು ಹಾಕಿಕೊಂಡು ಕೂತದ್ದು. ಹೊಲಸು ಮುದುಕಿ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವಳು ಅನ್ನಿಸಿಕೊಳ್ಳುವುದೇ ಮೇಲು ಎಂದುಕೊಂಡಳು.

ಸಾಹುಕಾರನ ಮೊಮ್ಮಗಳ ಮದುವೆ ಬಂತು. ವೀಳ್ಯ ಕಳಿಸಿದ, ಒಲ್ಲೆ ಎಂದಳು. ಇಳಕಲ್ ಸೀರೆ ಕಳಿಸಿದ, ಒಲ್ಲೆ ಎಂದಳು. ಮರ್ಯಾದೆ ಸಾಲದೇನೋ ಎಂದು ಅವನು ಹಂದರದ ನಟ್ಟನಡುವೆ ಅವಳಿಗೆ ಗದ್ದಿಗೆ ಹಾಕಿಸಿದ. ಎಂಥ ಬುದ್ಧಿವಂತ ನೋಡಿ! ಅಲ್ಲಿಂದ ಬಚ್ಚಲಿಗೆ ಹೋಗಬೇಕಾದರೆ ಇಡೀ ಊರಿನ ಮುಂದೆ ದಾಟಿ ಹೋಗಬೇಕು.

ಕಡೆಗೆ ಮದುಮಗಳೇ ಬಂದಳು. "ಅಜ್ಜಿ, ನನ್ನ ತೊಟ್ಟಿಲದಾಗ ಹಾಕಿದಾಗ ನೀನ ಹಾಡೀದಿ. ನೀ ಬರದಿದ್ರ ನಾ ಅರಿಶಿಣಕ್ಕ ಕೂಡಂಗಿಲ್ಲ" ಎಂದಳು. ಮುದುಕಿ ಒಪ್ಪಿಕೊಂಡಳು. ಅರಿಶಿಣದ ದಿನ ಬೆಳಗಿನಿಂದ ಹನಿ ನೀರು ಕುಡಿಯದೆ, ಒಳಗೆ ಹಳೆಯ ಬಟ್ಟೆ ಮಡಚಿ ಕಟ್ಟಿಕೊಂಡು ಹೋದಳು.

ಸೊಲ್ಲು ಎತ್ತಿದಳು. ಏನು ದನಿ! ಗದ್ದಲದ ಹಂದರವೇ ಸುಮ್ಮನಾಯಿತು. ಆದರೆ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಅವಳಿಗೆ ಗೊತ್ತಾಯಿತು, ಇನ್ನು ತಡೆಯಲಾಗದು. ಕೂತರೆ ತನ್ನ ಮಾನ ಹೋಗುತ್ತದೆ, ಎದ್ದರೆ ಹುಡುಗಿಗೆ ಕೇಡು ತಂದವಳಾಗುತ್ತಾಳೆ. ಏನು ಮಾಡಬೇಕು ಆ ಜೀವ?

ಎದ್ದಳು! "ಉಚ್ಚಿ ತಡೀವಲ್ದು ನನಗ. ಹೋಗಿ ಬರ್ತೀನಿ, ಬಂದು ಹಾಡ್ತೀನಿ" ಎಂದಳು.

"ಹಾಡಿನ ನಡುವ ಏಳೂದಾ?" ಎಂದು ಸಾಹುಕಾರ ಗುಡುಗಿದ. ಆಗ ಅವನ ಸ್ವಂತ ಅಕ್ಕ, ಎಂಬತ್ತರ ಮುದುಕಿ, ಮೊಣಕಾಲಿಗೆ ಕೈಯೂರಿ ಎದ್ದಳು. "ತಡಿ ಚೆನ್ನವ್ವ, ನಾನೂ ಬರ್ತೀನಿ. ನಂದೂ ಇದ ಗೋಳು." ಇನ್ನೊಬ್ಬಳು ಎದ್ದಳು. ಮತ್ತೊಬ್ಬಳು ಎದ್ದಳು. ಇಷ್ಟು ವರ್ಷ ಒಬ್ಬೊಬ್ಬಳೂ ತನಗೊಬ್ಬಳಿಗೇ ಹೀಗೆ ಎಂದು ಅತ್ತವರು, ಈಗ ಕೈಕೈ ಹಿಡಿದು ನಡುದಾರಿಯಲ್ಲೇ ನಡೆದರು. ಅರಿಶಿಣದ ಮೈಯ ಮದುಮಗಳು ಎದ್ದು ಅವರಿಗೆ ದಾರಿ ಬಿಡಿಸಿದಳು.

ಚೆನ್ನಬಸವ್ವ ತಿರುಗಿ ಬಂದು, ಬಿಟ್ಟ ನುಡಿಯಿಂದಲೇ ಹಾಡು ಹಿಡಿದಳು. ಅವಳ ಕುತ್ತಿಗೆ ಎಷ್ಟು ನೆಟ್ಟಗಿತ್ತು ಅಂತೀರಿ! ಅದನ್ನು ಊರು ಸೊಕ್ಕು ಎನ್ನುವುದಾದರೆ ಅನ್ನಲಿ. ಆ ಸೊಕ್ಕು ನಮ್ಮ ತಾಯಂದಿರಿಗೆಲ್ಲ ಬರಲಿ! ಮದುಮಗಳಿಗೆ ಕೇಡಾಯಿತೇ? ಮಕ್ಕಳು ಮರಿಗಳೊಂದಿಗೆ ಸುಖವಾಗಿದ್ದಾಳೆ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ತಾಯಿ, ನಿಮ್ಮ ಅತ್ತೆ ಎಲ್ಲಿಗೂ ಬರಲೊಲ್ಲೆ ಎಂದರೆ ಹಟ ಎನ್ನಬೇಡಿ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ. ವೈದ್ಯರ ಹತ್ತಿರ ಕರೆದೊಯ್ಯಿರಿ, ಎಷ್ಟೋ ಜನರಿಗೆ ಇದು ಹತೋಟಿಗೆ ಬರುತ್ತದೆ. ದೂರದ ದಾರಿಯಲ್ಲಿ ಅವಳು ಬಾಯಿ ಬಿಡುವ ಮೊದಲೇ ಗಾಡಿ ನಿಲ್ಲಿಸಿ.

ಇನ್ನೊಂದು ಮಾತು. ಈ ಸಭಾಮಂಟಪದ ಹಿಂದೆ ಹೆಣ್ಣುಮಕ್ಕಳ ಶೌಚಾಲಯವಿದೆ. ಅದಕ್ಕೆ ಬೀಗ ಹಾಕಿದ್ದೀರಿ. ಬೀಗದ ಕೈ ನಮ್ಮ ವ್ಯವಸ್ಥಾಪಕರ ಉಡಿದಾರದಲ್ಲಿದೆ. ಯಾವ ಅಜ್ಜಿ ಹೋಗಿ ಅದನ್ನು ಅವರ ಹತ್ತಿರ ಕೇಳಬೇಕು, ಹೇಳಿ? ನಗಬೇಡಿ. ಏಳಿ ವ್ಯವಸ್ಥಾಪಕರೇ, ಹೋಗಿ ಬೀಗ ತೆಗೆದು ಬನ್ನಿ. ಅಲ್ಲಿಯ ತನಕ ನಾನು ಮಂಗಳ ಹಾಡುವುದಿಲ್ಲ.