ಒಂಬತ್ತು ದಿನದ ಯೂನಿಫಾರಂ

…ಅದಕ್ಕೇ ಯೋಳಿದ್ದು, ಮೊದ್ಲು ಕೂತ್ಕೋ ಅಂತ. ಇಲ್ಲೇ, ಈ ಬೆಲ್ ಕಟ್ಟೆ ಮ್ಯಾಲೆ. ಯಾರೂ ಏನೂ ಅನ್ನಲ್ಲ. ಇಷ್ಟು ದೊಡ್ಡ ಸ್ಕೂಲ್ನಾಗೆ ನಿಮ್ಮಪ್ಪಂದು, ಅಟೆಂಡರ್ ಪಿಳ್ಳಪ್ಪಂದು ಅಂತ ಇರೋದು ಈ ಕಟ್ಟೆ ಒಂದೇ. ಮಗು ಎಲ್ಲಿ? ಜಾರುಬಂಡೆ ತಾವಾ? ಆಡ್ಲಿ ಬಿಡು, ಆಡ್ಲಿ.

ಬೇರೇರನ್ನೆಲ್ಲ ಐದೈದು ನಿಮಿಷಕ್ಕೆ ಆಚೆ ಕಳ್ಸಿದ್ರು. ನಿನ್ನ ಅರ್ಧ ಗಂಟೆ ಕೂರ್ಸ್ಕೊಂಡ್ರಲ್ಲ ಲಚ್ಮಿ, ಅಷ್ಟೊತ್ತು ಏನ್ ಕೇಳಿದ್ರು? … ಸೀಟಿಲ್ಲ ಅಂದ್ರಾ? ಅಂದಿರ್ತಾರೆ. ನಿನ್ ಮೊಕ ನೋಡಿದ್ರೇ ತಿಳೀತದೆ. ‘ತಾಯಿ ಎಷ್ಟು ಓದವ್ರೆ’ ಅಂತ ಕೇಳಿರ್ತಾರೆ. ಈಗೆಲ್ಲ ಅದೇ ಆಗೋಗೈತೆ. ಮಗೀಗಿಂತ ಮೊದ್ಲು ಅವ್ವನ ಪರೀಕ್ಷೆ. ಸ್ಕೂಲಿಗೆ ಸೇರೋದು ಮಗುವಾ, ಅವ್ವನಾ?

ಯಾಕೆ ಅಂಗ್ ನೋಡ್ತೀಯಾ? ತಪ್ಪಾ ನಾನಂದಿದ್ದು?

ಕೈಯಾಗೇನದು, ಪಾರಂ ವಾಪಸ್ ಕೊಟ್ರಾ? ಓಗ್ಲಿ, ಮಡಿಕ್ಕೋ. ಈ ಸಿಸ್ಟರ್ ಹೊಸಬ್ರು ಕಣವ್ವ, ಬಂದು ಎರಡು ತಿಂಗ್ಳಾಗಿಲ್ಲ. ಅವ್ರಿಗೇನ್ ಗೊತ್ತು ಪಿಳ್ಳಪ್ಪ ಯಾರು ಅಂತ. ಈ ಸ್ಕೂಲ್ ಉಟ್ಟೋಕೆ ಮೊದ್ಲೇ ನಾನಿಲ್ಲಿದ್ದೆ. ಎಪ್ಪತ್ತೊಂದನೇ ಇಸ್ವಿ. ಆಗ ಇದು ನರಸಿಂಹಯ್ಯನೋರ ದ್ರಾಕ್ಷಿ ತೋಟ, ನಾನು ಕಾವಲು. ಅವ್ರು ಮಂಗ್ಳೂರು ಕಡೆ ಸಿಸ್ಟರ್‌ಗಳಿಗೆ ತೋಟ ಮಾರಿದ್ರು. ಬಾವಿ, ಪಂಪ್‌ಸೆಟ್ಟು, ಕಲ್ಲುಕಂಬ, ಎಲ್ಲಾ ಸೇರಿ. ಸೇರಿದ್ರಾಗೆ ನಾನೂ ಒಂದು. ಯಲಹಂಕದಿಂದ ಜಟಕಾದಾಗೆ ಬಂದಿಳಿದ್ರು ಜೆಸಿಂತ ಸಿಸ್ಟರು, ಎರಡು ಟ್ರಂಕು, ಒಂದು ಕರೀ ಬೋರ್ಡು ಇಟ್ಕೊಂಡು. ‘ಪಿಳ್ಳಪ್ಪ, ಈ ಬಳ್ಳಿಗಳನ್ನು ಕೀಳುವುದು ಬೇಡ, ನೆರಳಾಗ್ತದೆ’ ಅಂದ್ರು. ಚಪ್ಪರದ ಕೆಳಗೇ ಮೂರು ಕ್ಲಾಸು. ಹತ್ತೊಂಬತ್ತು ಮಕ್ಳು. ಹಣ್ಣು ಉದ್ರಿ ಬಿಳೀ ಶರ್ಟೆಲ್ಲ ನೇರ್ಳೆ ಕಲೆ. ತಾಯಂದ್ರು ಬೈಕೊಂಡು ಬರೋರು. ಸಿಸ್ಟರು ನಕ್ಕೊಂಡು ಒಂದೊಂದು ಗೊಂಚಲು ಕೈಗೆ ಕೊಟ್ಟು ಕಳಿಸೋರು.

ಬೆಲ್ ಅಂತ ನೇತಾಕಿರೋ ಈ ರೈಲು ಕಂಬಿ ತುಂಡು ಸ್ಟೇಷನ್ನಿಂದ ಎಗ್ಲ ಮ್ಯಾಲೆ ಒತ್ತು ತಂದೋನು ನಾನು. ಆಮ್ಯಾಕೆ ಏರ್‌ಫೋರ್ಸ್‌ನೋರ ಮಕ್ಳು ಬಂದ್ರು, ತಗಡಿನ ಶೆಡ್ ಬಂತು, ಕಲ್ಲು ಕಟ್ಡ ಬಂತು. ಈಗ ನೋಡು, ಮೂರಂತಸ್ತು. ಕೋಗಿಲು ಕ್ರಾಸ್‌ಗಂಟ ಕ್ಯೂ. ಚಪ್ಪರದ ಕಂಬ ಅಂತ ಉಳ್ದಿರೋದು ಗೇಟಿನ ತಾವ ಎರಡೇ…

ನಗ್ತೀಯಾ? ನಗು, ನಗು. ಅಪ್ಪ ಯಾವಾಗ್ಲೂ ಇದೇ ಕತೆ ಯೋಳ್ತಾನೆ ಅಂತ ತಾನೆ. ನಗ್ತಾ ಇಲ್ವಾ? ಮತ್ಯಾಕೆ ತುಟಿ ಅಂಗ್ ಮಾಡ್ದೆ?

ನೋಡು ಲಚ್ಮಿ, ಇದು ಅಲ್ದಿದ್ರೆ ಇನ್ನೊಂದು ಸ್ಕೂಲು. ಗೌರ್ಮೆಂಟ್ ಸ್ಕೂಲೇನು ಸುಟ್ಟೋಗೈತಾ? ಈ ಕಾನ್ವೆಂಟಿನೋರು ನಮ್ಮಂತೋರ್ಗೆ ಯಾವತ್ತು ಸೀಟ್ ಕೊಟ್ಟವ್ರೆ? ನಿನ್ನೇ ಒಂಬತ್ತು ದಿನಕ್ಕೆ ಆಚೆ ಆಕ್ಲಿಲ್ವಾ? ಹತ್ತು ವರ್ಸ ಆಯ್ತು, ಮರ್ತೋಯ್ತಾ? ಆಗ ಇವ್ರು ಹೈಸ್ಕೂಲು ಮಾಡ್ಬೇಕು, ಎಂಟನೇ ಕ್ಲಾಸಿಗೆ ಇಪ್ಪತ್ತೈದು ಮಕ್ಳು ಇಲ್ದಿದ್ರೆ ಪರ್ಮಿಷನ್ ಇಲ್ಲ. ಇದ್ದಿದ್ದು ಹದಿನಾಲ್ಕು. ಇನ್‌ಸ್ಪೆಕ್ಟರು ನಾಳೆ ಬತ್ತಾರೆ ಅಂದಾಗ ಗುಮಾಸ್ತ ಕಾಶಿನಾಥ್ ನನ್ ಕಿವೀಲಿ ಅಂದ್ರು, ‘ಪಿಳ್ಳಪ್ಪಾ, ನಿಮ್ಮ ಊರಾಗಿನ ಹುಡುಗ್ರನ್ನ ಒಂದಿನ ಎರವಲು ತಗೊಂಬಾರೋ.’ ಎರವಲು, ನೋಡು, ಸೇರು ಪಾವು ತಂದಂಗೆ. ಊರಿಂದ ಹನ್ನೊಂದು ಮಕ್ಳನ್ನ ತಂದೆ, ನೀನೂ ಒಬ್ಳು. ಏಳನೇ ಕ್ಲಾಸು ಪಾಸಾಗಿ ಹಸ ಕಾಯ್ತಿದ್ದೆ. ನೀಲಿ ಲಂಗ, ಬಿಳೀ ಶರ್ಟು, ಟೈ. ಆ ಟೈ ಕಟ್ಕೊಳೋಕೆ ಬರ್ದೆ ನೀನು ಉರ್ಲು ಆಕ್ಕೊಂಡಂಗೆ ಮಾಡ್ಕೊಂಡಿದ್ದೆ. ಜೆಸಿಂತ ಸಿಸ್ಟರೇ ಮಂಡಿ ಊರಿ ಕೂತು ಸರಿ ಮಾಡಿದ್ರು…

ಸಂಜೆ ಹತ್ತು ಮಕ್ಳು ಬಟ್ಟೆ ಬಿಚ್ಚಿ ಕೊಟ್ವು. ನೀನು ಕೊಡ್ಲಿಲ್ಲ. ಎದೆ ಮ್ಯಾಲೆ ಎರಡೂ ಕೈ ಕಟ್ಕೊಂಡು ಕಂಬಕ್ಕೆ ಒರಗಿ ನಿಂತ್ಬಿಟ್ಟೆ. ಸಿಸ್ಟರು ಬಂದು ನೋಡಿ, ‘ಬಿಡಿ ಪಿಳ್ಳಪ್ಪ, ಇವಳು ನಾಳೆಯಿಂದ ಬರಲಿ, ಫೀಸು ಬೇಡ’ ಅಂದ್ರು. ಬಂದೆ. ಒಂಬತ್ತು ದಿನ. ಆಮ್ಯಾಕೆ… ಆಮ್ಯಾಕೆ ಅವ್ರೇ ಬ್ಯಾಡ ಅಂದ್ರಲ್ಲ. ಅಟೆಂಡರ್ ಮಗ್ಳು ಏರ್‌ಫೋರ್ಸ್ ಮಕ್ಳ ಪಕ್ಕ ಕೂತ್ರೆ ಚೆನ್ನಾಗಿರಲ್ಲ ಅಂತ. ಮಾತು ಸಿಹಿ ಸಿಹಿ, ಒಳಗೆ ಬೇರೆ. ಎಷ್ಟು ಸಲ ಯೋಳಿದೀನಿ ನಿಂಗೆ.

ಏನದು ಕಾಗ್ದ ಬಿಚ್ತಾ ಇದ್ದೀಯಾ? ಮಡಿಕ್ಕೋ ಅಂದ್ನಲ್ಲ.

ಪಾರಂ ಅಲ್ವಾ… ಗೆರೆ ಕಾಗ್ದ. ಅಳದಿಯಾಗೋಗೈತೆ. ಯಾವ್ದೋ ಹಳೇ ಫೈಲಿಂದು ನಿಂಗ್ಯಾಕೆ ಕೊಟ್ರು? ನೀನೇನಾದ್ರೂ ಅಂದ್ಯಾ ಒಳಗೆ? ‘ನಾನೂ ಇದೇ ಸ್ಕೂಲ್ನಾಗೆ ಓದ್ದೋಳು, ನೀವೇ ಆಚೆ ಆಕಿದ್ರಿ’ ಅಂದ್ಯಾ? … ಅಂದ್ಬಿಟ್ಯಾ. ಅಯ್ಯೋ ಲಚ್ಮಿ. ಅದ್ಕೇ ರಿಜಿಸ್ಟರ್ ತೆಗೆಸಿದ್ರಾ? ಅದ್ಕೇ ಅರ್ಧ ಗಂಟೆಯಾ?

ಕೊಡಿಲ್ಲಿ. ಅದು ಬೇರೆ ಯಾರ್ದೋ ಇರ್ಬೇಕು. ಪಿಳ್ಳಪ್ಪ ಅಂತ ಊರ್ನಾಗೆ ಎಷ್ಟು ಜನ ಅವ್ರೆ. ಕೊಡು… ಕೊಡಲ್ವಾ? ಸರಿ, ಇಟ್ಕೋ. ನಂಗೇನು ಓದೋಕೆ ಬತ್ತದಾ.

ಆ ಸೈನ್ ನಂದೇ.

ಹೂ ಕಣವ್ವ, ನಂದೇ. ಕಾಶಿನಾಥ್ ಕೈಲಿ ಬರೆಸ್ದೆ. ‘ವಿಚಾರ ಮಾಡೋ ಪಿಳ್ಳಪ್ಪಾ, ಕೂಸು ಛಲೋ ಓದಾಕತ್ತೈತಿ’ ಅಂತ ಎರಡು ಸಲ ಅಂದ್ರು ಆ ಮನ್ಸ. ‘ಬರೀರಿ, ಮನೇಲಿ ಕೆಲ್ಸ ಐತೆ, ಬಿಡುಸ್ತಾ ಇದ್ದೀನಿ ಅಂತ ಬರೀರಿ’ ಅಂದೆ. ಬಿಡ್ಸಿದ್ದು ನಾನು. ಸಿಸ್ಟರ್ ಅಲ್ಲ.

ಏನಾದ್ರೂ ಅನ್ನು. ಬೈಯಿ. ನಿಮ್ಮವ್ವ ಇದ್ದಿದ್ರೆ ಪೊರಕೆ ತಗೊಳೋಳು.

ಜೆಸಿಂತ ಸಿಸ್ಟರು ಸುಮ್ನಿರ್ಲಿಲ್ಲ ಕಣವ್ವ, ಅದ್ನೂ ಯೋಳ್ಬಿಡ್ತೀನಿ. ಪ್ರತಿ ಜೂನ್ನಾಗೂ ಕೇಳೋರು, ‘ಹುಡುಗಿ ಎಲ್ಲಿ ಪಿಳ್ಳಪ್ಪ, ಬರುವುದಿಲ್ಲವಾ?’ ಅಂತ. ಒಂದ್ ವರ್ಸ ಮೈಗೆ ಉಷಾರಿಲ್ಲ ಅಂದೆ. ಒಂದ್ ವರ್ಸ ಅವ್ಳೇ ಒಲ್ಲೆ ಅಂತಾಳೆ ಅಂದೆ. ಆಮ್ಯಾಕೆ ಮದ್ವೆ ಗೊತ್ತಾಗೈತೆ ಅಂದೆ. ನೀನು ದಾರೀಲಿ ಅವ್ರನ್ನ ಕಂಡ್ರೆ ಮೊಕ ತಿರುಗಿಸ್ಕೊಂಡು ಓಗ್ತಿದ್ದೆ. ಅವ್ರು ನಿಂತು ನೋಡೋರು. ನಿನ್ ಮದ್ವೆಗೆ ಅಂತ ಸೀರೆ ಕಳ್ಸಿದ್ರಲ್ಲ, ಬಾಣಂತಿ ಕೋಣೇಲಿ ಅದ್ನ ಅರ್ದು ಒರ್ಸೋ ಬಟ್ಟೆ ಮಾಡ್ದೆ ನೀನು. ನಾನು ನೋಡ್ತಾ ನಿಂತಿದ್ದೆ. ಓದ್ ವರ್ಸ ವರ್ಗ ಆಗಿ ಓಗೋವಾಗ ಇದೇ ಕಟ್ಟೆ ತಾವ ನಿಂತ್ಕೊಂಡು ಕೇಳಿದ್ರು, ‘ಅವಳಿಗೆ ನನ್ನ ಮೇಲೆ ಯಾಕೆ ಕೋಪ ಪಿಳ್ಳಪ್ಪ?’ ಅಂತ. ಗೊತ್ತಿಲ್ಲ ಸಿಸ್ಟರ್ ಅಂದೆ.

ಏನದು, ಬೆಟ್ಟು ಮಾಡಿ ತೋರುಸ್ತೀಯಾ? ಕೆಂಪು ಇಂಕಾ? ಅದು ಗೊತ್ತು. ಕಾಶಿನಾಥ್ ಅವತ್ತೇ ಓದಿ ಯೋಳಿದ್ರು. ‘ಈ ಹುಡುಗಿ ಯಾವಾಗ ಬಂದರೂ ಸೇರಿಸಿಕೊಳ್ಳಬೇಕು’ ಅಂತ ಸಿಸ್ಟರು ಬರ್ದಿರೋದು. ಹತ್ತು ವರ್ಸದಿಂದ ಗೊತ್ತು ನಂಗೆ… ಅದ್ರ ಕೆಳ್ಗಿಂದಾ? ನೀಲಿ ಇಂಕು. ಅಂಕಿ ಬತ್ತದೆ ನಂಗೆ. ಎಂಬತ್ತೇಳು. ಇವತ್ತಿನ ತಾರೀಕು. ಇವತ್ತು ಬರ್ದಿದ್ದಾ? ಹೊಸ ಸಿಸ್ಟರಾ? … ಮಗೀಗಾ? ಸೀಟ್ ಕೊಟ್ರಾ? ಆ ಯಮ್ಮ ಬರ್ದಿಟ್ಟ ಮಾತ್ನ ಮ್ಯಾಲೇ ಕೊಟ್ರಾ?

ಒಳ್ಳೇದಾಯ್ತು. ಒಳ್ಳೇದಾಯ್ತು ಕಣವ್ವ. ಮತ್ಯಾಕೆ ನಿಂಗೆ ನಗು ಬರ್ತಾ ಇಲ್ಲ.

ಯಾಕ್ ಬಿಡಿಸ್ದೆ ಅಂತ ತಾನೆ ನೀನು ನೋಡ್ತಾ ಇರೋದು. ಯೋಳ್ತೀನಿ, ಅಂಗ್ ನೋಡ್ಬ್ಯಾಡ. ಒಂಬತ್ತನೇ ದಿನ. ನಾನು ಸರ್ಕ್ಯುಲರ್ ತಗೊಂಡು ನಿಮ್ಮ ಕ್ಲಾಸಿಗೆ ಬಂದೆ. ಟೀಚರು ‘ಏಯ್ ಪಿಳ್ಳಪ್ಪ, ನೀರಿನ ಮಡಕೆ ಖಾಲಿ, ನಿನ್ ಕಣ್ಣಿಗೆ ಕಾಣಲ್ವಾ’ ಅಂದ್ರು. ಮಕ್ಳು ನಕ್ವು. ಅದೇನ್ ಬಿಡು, ದಿನಾ ಇದ್ದಿದ್ದೇ. ನಾನು ನಿನ್ ಕಡೆ ನೋಡ್ದೆ. ಆ ಯೂನಿಫಾರಂನಾಗೆ ನೀನು ಎಂಗ್ ಕಾಣ್ತೀಯಾ ಅಂತ ಒಂದ್ ಸಲ ನೋಡೋಣ ಅಂತ. ನೀನು ತಲೆ ತಗ್ಗಿಸ್ಬಿಟ್ಟೆ. ಎತ್ಲೇ ಇಲ್ಲ. ಮಡಕೆ ತುಂಬ್ಸಿ ತಂದು ಇಟ್ಟು ಆಚೆ ಓಗೋಗಂಟ ಎತ್ಲಿಲ್ಲ. ಇವ್ನು ನಮ್ಮಪ್ಪ ಅಂತ ಗೊತ್ತಾಗ್ಬಾರ್ದು ಅಂತ ಅಂದ್ಕೊಂಡೆ. ಒಂಬತ್ತು ದಿನಕ್ಕೇ ಇಂಗಾದ್ರೆ ಇನ್ನು ಮೂರು ವರ್ಸಕ್ಕೆ ಮನೇಗೇ ಸೇರ್ಸಲ್ಲ ಇವ್ಳು ಅಂತ… ಸಂಜೆಗೇ ಬರೆಸ್ದೆ.

ಯಾಕ್ ತಗ್ಗಿಸ್ದೆ ಅಂತ ನಾನು ಕೇಳ್ಲೇ ಇಲ್ಲ. ಈಗ ಕೇಳ್ತಾ ಇದ್ದೀನಿ. ಅವತ್ತು ನನ್ ಕಂಡು ನಾಚ್ಕೆ ಆಯ್ತು ತಾನೆ? ಊ ಅನ್ನು. ಊ ಅಂದ್ಬಿಡು ತಾಯಿ, ನಂಗೆ ಅಷ್ಟು ಸಾಕು.

ಅಲ್ವಾ? ಮತ್ತೆ?

ಬೆರಳ್ನಾಗೆ ಏನ್ ಗೀಚ್ತೀಯಾ ಕಟ್ಟೆ ಮ್ಯಾಲೆ? ಬಾಯಿ ಬಿಟ್ಟು ಯೋಳು… ಬರೀತಾ? ಅವತ್ತು ಬರೀತಾ ಇದ್ಯಾ?

ಬೋರ್ಡ್ ಮ್ಯಾಲಿಂದು. ಇಂಗ್ಲಿಷು. ಅದು ಅಳ್ಸೋದ್ರೊಳಗೆ ಬರ್ಕೊಳೋಕೆ…

ಬರೆಯೋಕಾ ತಲೆ ಬಗ್ಗಿಸಿದ್ದು?

ಹದ್ನಾರು ವರ್ಸದಿಂದ ಈ ಕಿಟಕಿಗಳ ಆಚೆ ಓಡಾಡ್ತಾ ಇದ್ದೀನಿ ಕಣವ್ವ. ಎಲ್ಲಾ ಮಕ್ಳೂ ತಲೆ ಬಗ್ಗಿಸ್ಕೊಂಡೇ ಇರ್ತವೆ. ದಿನಾ ನೋಡಿದೀನಿ. ನನ್ ಮಗ್ಳು ಒಬ್ಳ್ದು ಮಾತ್ರ ನಂಗೆ ತಿಳೀಲಿಲ್ವಲ್ಲ.

ಎದ್ಯಾ? … ಓಗು. ಹನ್ನೆರಡಾಗೈತೆ, ನಾನೂ ಬೆಲ್ ಒಡೀಬೇಕು. ಮಗೀನ ಕರ್ಕೊಂಡು ಓಗು. ಲಚ್ಮಿ… ನೀನು ಮೊಕ ತಿರುಗಿಸ್ಕೊಂಡೇ ಓಗು, ನಾನೇನೂ ಅನ್ನಲ್ಲ. ಮಗೀಗೆ ಮಾತ್ರ ಒಂದು ಯೋಳ್ಬಿಡು. ನಾಳೆ ಕ್ಲಾಸ್ನಾಗೆ ತಾತ ನೀರು ತಂದಿಟ್ರೆ, ಬರೆಯೋದು ಬಿಟ್ಟು ತಲೆ ಎತ್ಬ್ಯಾಡ ಅಂತ.